ಕುರುಬನ ಕೋಲು ಹೊಡೆಯಲಿಕ್ಕಲ್ಲ



ಶುಭಸಂದೇಶಗಳಲ್ಲಿ ಯೇಸುಸ್ವಾಮಿ ಸಿಟ್ಟಾದ ಸಂದರ್ಭಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿದೆ. ಮಕ್ಕಳನ್ನು ತಮ್ಮ ಬಳಿಗೆ ಕರೆತಂದವರನ್ನು ಶಿಷ್ಯರು ಗದರಿಸಿದಾಗ ಪ್ರಭು ಆ ಶಿಷ್ಯರ ಮೇಲೆಯೇ ಕೋಪಗೊಂಡರು. ಬಳಿಕ ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ದೊಡ್ಡವರ ಕೈ ಮಗುವನ್ನು ಮುಟ್ಟಬೇಕಾದ ರೀತಿಯನ್ನು ಅವರು ಅಂದು ತೋರಿಸಿಕೊಟ್ಟರು.

ನಮ್ಮ ಮನೆಗಳಲ್ಲಿ ಮಕ್ಕಳ ಮೇಲೆ ಬೀಳುವ ಕೈ ಎಂಥದು? ನಮ್ಮ ದೇಶದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಒಂದು ವರದಿಯನ್ನು ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಸಿದ್ಧಪಡಿಸಿದ ಆ ವರದಿಯ ಪ್ರಕಾರ, ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಹೊಡೆತ ತಿಂದವರಲ್ಲಿ ಬಹುಪಾಲು ಮಕ್ಕಳಿಗೆ ಹೊಡೆದವರು ಹೆತ್ತವರೇ.

"ನಾವೂ ಪೆಟ್ಟು ತಿಂದೇ ಬೆಳೆದವರಲ್ಲವೇ? ನಮಗೇನಾಗಿದೆ?" ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ಹಲವು ದಶಕಗಳಿಂದ ಉತ್ತರ ಹುಡುಕಿದ್ದಾರೆ. ಅವರು ಕಂಡುಕೊಂಡದ್ದನ್ನು ವಿಶ್ವಾಸಿಗಳಾದ ನಾವು ತಿಳಿದುಕೊಳ್ಳುವುದು ಒಳ್ಳೆಯದು.

ಗಾಯ ಎಷ್ಟು ಆಳ?

1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಅವರ ಸಂಗಡಿಗರು, ಆಸ್ಪತ್ರೆಗೆ ಬರುವ ಎಷ್ಟೋ ಕಂದಮ್ಮಗಳ ಮೂಳೆ ಮುರಿದಿರುವುದು ಆಕಸ್ಮಿಕವಾಗಿ ಬಿದ್ದುದರಿಂದಲ್ಲ, ಮನೆಯವರ ಹೊಡೆತದಿಂದ ಎಂದು ವೈದ್ಯಲೋಕದ ಮುಂದೆ ಧೈರ್ಯವಾಗಿ ಬರೆದರು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮನಸ್ಸಿನ ಕಥೆ ಏನು?

ಡಾ. ವಿನ್ಸೆಂಟ್ ಫೆಲಿಟಿ ಮತ್ತು ಡಾ. ರಾಬರ್ಟ್ ಆಂಡಾ ಎಂಬ ವೈದ್ಯರು ಸಂಗಡಿಗರೊಂದಿಗೆ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸುಮಾರು 9,500 ವಯಸ್ಕರನ್ನು ಅವರು ಬಾಲ್ಯದ ಕುರಿತು ಪ್ರಶ್ನಿಸಿದರು: ನಿಮ್ಮನ್ನು ಹೊಡೆದು ಹಿಂಸಿಸುತ್ತಿದ್ದರೇ? ಹೀನಾಯವಾಗಿ ಬೈಯುತ್ತಿದ್ದರೇ? ಲೈಂಗಿಕವಾಗಿ ಪೀಡಿಸಿದ್ದರೇ? ನಿಮ್ಮ ತಾಯಿಗೆ ಹೊಡೆತ ಬೀಳುತ್ತಿತ್ತೇ? ಮನೆಯಲ್ಲಿ ಕುಡುಕರಿದ್ದರೇ? ಇಂತಹ ಏಳು ಬಗೆಯ ಕಷ್ಟಗಳಲ್ಲಿ ಒಂದನ್ನಾದರೂ ಅನುಭವಿಸಿದವರು ಅರ್ಧಕ್ಕಿಂತ ಹೆಚ್ಚು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ, ಯಾವ ಕಷ್ಟವನ್ನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಅವರಲ್ಲಿ ಹೆಚ್ಚಿದ್ದವು. ಇವರಲ್ಲಿ ಹೆಚ್ಚಿನವರು ಆರೋಗ್ಯ ವಿಮೆಯುಳ್ಳ ಮಧ್ಯಮ ವರ್ಗದವರು ಎಂಬುದನ್ನೂ ಗಮನಿಸಿರಿ. ಇದು ಬಡವರ ಮನೆಗಳ ಸಮಸ್ಯೆ ಮಾತ್ರ ಎಂದು ಯಾರೂ ಹೇಳುವಂತಿಲ್ಲ.

ಹೀಗೇಕೆ ಆಗುತ್ತದೆ? ಭಯವಾದಾಗ ಎದೆ ಬಡಿದುಕೊಳ್ಳುತ್ತದೆ, ಮೈ ಬಿಗಿಯಾಗುತ್ತದೆ. ಮಗು ಅಮ್ಮನ ಮಡಿಲಿಗೋ ಅಪ್ಪನ ತೋಳಿಗೋ ಓಡಿಹೋಗಿ ಸಮಾಧಾನಗೊಳ್ಳುತ್ತದೆ. ಆದರೆ ಯಾರ ಬಳಿಗೆ ಓಡಬೇಕೋ ಅವರೇ ಭಯಕ್ಕೆ ಕಾರಣರಾದರೆ ಮಗು ಎಲ್ಲಿಗೆ ಓಡೀತು? ಅದರ ದೇಹ, ಮನಸ್ಸು, ಬೆಳೆಯುತ್ತಿರುವ ಮಿದುಳು ಸದಾ ಕಾವಲು ಕಾಯುತ್ತವೆ. ಅಪ್ಪನ ಹೆಜ್ಜೆಯ ಸಪ್ಪಳದಲ್ಲೇ ಇಂದು ಅವರು ಕುಡಿದಿದ್ದಾರೋ ಇಲ್ಲವೋ ಎಂದು ಅಳೆಯಲು ಕಲಿತ ಮಗುವಿಗೆ ಶಾಲೆಯ ಪಾಠದಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ? ನಾವು ಅದನ್ನು ದಡ್ಡ, ಮೊಂಡ ಎಂದು ಕರೆದು ಇನ್ನೆರಡು ಬಿಗಿಯುತ್ತೇವೆ.

ಹೊಡೆಯದಿದ್ದರೆ ಸಾಕೇ? ಸಾಲದು. ರುಮೇನಿಯ ದೇಶದಲ್ಲಿ 1989ರವರೆಗಿನ ಕಮ್ಯುನಿಸ್ಟ್ ಆಡಳಿತದಲ್ಲಿ ಅಸಂಖ್ಯ ಮಕ್ಕಳನ್ನು ಸರ್ಕಾರಿ ಆಶ್ರಮಗಳಿಗೆ ಸೇರಿಸಿ ಬೆಳೆಸುವ ಪದ್ಧತಿಯಿತ್ತು. ಅದು ಮುಂದೆಯೂ ಉಳಿದುಬಂತು. ಅಲ್ಲಿ ಊಟವಿತ್ತು, ಹಾಸಿಗೆಯಿತ್ತು, ಎತ್ತಿ ಮುದ್ದಾಡುವ ಕೈಗಳಿರಲಿಲ್ಲ. 2000ದ ಬಳಿಕ ಸಂಶೋಧಕರು ಬುಕಾರೆಸ್ಟ್ ನಗರದ ಅಂತಹ 136 ಶಿಶುಗಳಲ್ಲಿ ಅರ್ಧದಷ್ಟನ್ನು ಸಾಕುಕುಟುಂಬಗಳಿಗೆ ಒಪ್ಪಿಸಿ, ಎಲ್ಲರ ಬೆಳವಣಿಗೆಯನ್ನೂ ಗಮನಿಸುತ್ತ ಬಂದರು. ಮನೆ ಸೇರಿದ ಮಕ್ಕಳ ಬುದ್ಧಿಶಕ್ತಿ ಉತ್ತಮಗೊಂಡಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಪ್ರೀತಿಯ ನಂಟು ಬೆಳೆಸಿಕೊಳ್ಳುವುದರಲ್ಲಿ ಹೆಚ್ಚು ಚೇತರಿಸಿಕೊಂಡರು. ಅನ್ನದಂತೆ ಪ್ರೀತಿಯೂ ಮಗುವಿನ ಆಹಾರ.

ಇನ್ನೊಂದು ಗಾಯವನ್ನು ಯಾವ ಅಂಕಿಅಂಶವೂ ಅಳೆಯಲಾರದು. 'ತಂದೆ' ಎಂಬ ಮಾತು ಕೇಳಿದೊಡನೆ ಬೆಲ್ಟಿನ ನೆನಪಾಗುವ ಮಗು ಪರಲೋಕ ಮಂತ್ರವನ್ನು ಯಾವ ಮನಸ್ಸಿನಿಂದ ಜಪಿಸೀತು? ಮಗು ದೇವಪಿತನ ಮುಖವನ್ನು ಮೊದಲು ಹುಡುಕುವುದು ನಮ್ಮ ಮುಖಗಳಲ್ಲಿ.

ಇದು ಹಣೆಬರಹವಲ್ಲ

ಇದನ್ನೆಲ್ಲ ಓದುವಾಗ, ಬಾಲ್ಯದಲ್ಲಿ ನೊಂದ ಕೆಲವರು "ಹಾಗಾದರೆ ನನ್ನ ಬಾಳು ಹಾಳಾಯಿತೇ?" ಎಂದು ಕುಗ್ಗಬಹುದು. ಖಂಡಿತ ಇಲ್ಲ. ಕ್ಯಾಥಿ ವಿಡಮ್ ಎಂಬ ಸಂಶೋಧಕಿ, ಹಿಂಸೆ ಮತ್ತು ನಿರ್ಲಕ್ಷ್ಯಕ್ಕೆ ಗುರಿಯಾಗಿದ್ದರೆಂದು ನ್ಯಾಯಾಲಯದ ದಾಖಲೆಗಳಲ್ಲಿದ್ದ 908 ಮಕ್ಕಳ ಮುಂದಿನ ಬಾಳನ್ನು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದರು. ಬಾಲಾಪರಾಧಕ್ಕಾಗಿ ಬಂಧನಕ್ಕೊಳಗಾದವರು ಅವರಲ್ಲಿ ನೂರಕ್ಕೆ 26. ಹಿಂಸೆಯ ದಾಖಲೆಯಿಲ್ಲದ ಇತರ ಮಕ್ಕಳಲ್ಲಿ ನೂರಕ್ಕೆ 17. ಅಪಾಯ ಹೆಚ್ಚಿದ್ದುದು ನಿಜ. ಆದರೆ ನೂರಕ್ಕೆ 74 ಮಕ್ಕಳು ಆ ದಾರಿ ಹಿಡಿಯಲಿಲ್ಲ ಎಂಬುದೂ ಅಷ್ಟೇ ನಿಜ.

ಅವರನ್ನು ಕಾಯುವುದು ಯಾವುದು? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬೆಳವಣಿಗೆಯನ್ನು ಎಮ್ಮಿ ವೆರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ಮನೋರೋಗ ತುಂಬಿದ ಮನೆಗಳಲ್ಲಿ ಬೆಳೆದವರಲ್ಲೂ ಮೂರನೇ ಒಂದು ಭಾಗ ಮಕ್ಕಳು ಆತ್ಮವಿಶ್ವಾಸವುಳ್ಳ, ಇತರರನ್ನು ಪ್ರೀತಿಸಬಲ್ಲ ವಯಸ್ಕರಾದರು. ಅವರ ಬಾಳಿನಲ್ಲಿ ಕಂಡ ಒಂದು ಮುಖ್ಯ ಅಂಶವಿದು: ಕೈಬಿಡದೆ ಪ್ರೀತಿಸಿದ ಒಬ್ಬರಾದರೂ ಹಿರಿಯರಿದ್ದರು. ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು, ಟೀಚರು, ಹೀಗೆ ಯಾರೋ ಒಬ್ಬರು.

ಪ್ರಿಯರೇ, ಆ ಒಬ್ಬರು ನಾವೇಕಾಗಬಾರದು?

ನಮ್ಮ ಕರ್ತವ್ಯ

ಮೊದಲನೆಯದು, ಹೆತ್ತವರಿಗೆ. ಜ್ಞಾನೋಕ್ತಿಗಳ ಗ್ರಂಥವು ಬೆತ್ತದ ಮಾತನ್ನಾಡಿದೆ ಎಂದು ಕೆಲವರು ಎತ್ತಿ ತೋರಿಸುತ್ತಾರೆ. 23ನೆಯ ಕೀರ್ತನೆಯಲ್ಲಿಯೂ ಕುರುಬನ ಕೈಯಲ್ಲಿ ಕೋಲಿದೆ. ಅಲ್ಲಿ ಅದು ಕುರಿಗೆ ಧೈರ್ಯ ತರುತ್ತದೆ. ಕುರುಬನು ಕೋಲನ್ನು ತೋಳದ ಮೇಲೆ ಬೀಸುತ್ತಾನೆ, ದಾರಿ ತಪ್ಪಿದ ಕುರಿಯನ್ನು ಅದರಿಂದ ಮೆಲ್ಲನೆ ತಿರುಗಿಸುತ್ತಾನೆ. ಮಕ್ಕಳಿಗೆ ಶಿಸ್ತು ಬೇಕು, ಮಿತಿ ಬೇಕು, 'ಬೇಡ' ಎನ್ನುವ ಗಟ್ಟಿತನವೂ ಬೇಕು. ಆದರೆ ತಂದೆಯರು ಮಕ್ಕಳನ್ನು ಕೆಣಕಿ ಎದೆಗುಂದಿಸಬಾರದೆಂದು ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಎಚ್ಚರಿಸುತ್ತಾರೆ. ಕೋಪ ಬಂದಾಗ ಕೈ ಎತ್ತುವ ಮೊದಲು ಕೋಣೆಯಿಂದ ಹೊರಗೆ ಹೋಗಿರಿ. ಹೊಡೆದಿದ್ದರೆ ಮಗುವಿನ ಬಳಿ ಕ್ಷಮೆ ಕೇಳಿರಿ. ಅದರಿಂದ ನಿಮ್ಮ ಗೌರವ ಕುಂದುವುದಿಲ್ಲ.

ಎರಡನೆಯದು, ಬಾಲ್ಯದಲ್ಲಿ ನೊಂದವರಿಗೆ. ಯಾಕೋಬನ ಮಗ ಜೋಸೆಫನನ್ನು ಒಡಹುಟ್ಟಿದವರೇ ಬಾವಿಗೆ ತಳ್ಳಿ ಮಾರಿಬಿಟ್ಟರು. ವರ್ಷಗಳ ಬಳಿಕ ಅವರು ಎದುರು ನಿಂತಾಗ ಅವನು ಗಟ್ಟಿಯಾಗಿ ಅತ್ತನು. ಅವರು ಮಾಡಿದ್ದು ಕೇಡೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ಆ ಬಳಿಕವೇ ಸಂತೈಸಿದನು. ಅತ್ತುಬಿಡುವುದು, ನಡೆದದ್ದನ್ನು ನಂಬಿಕಸ್ಥರೊಡನೆ ಹೇಳಿಕೊಳ್ಳುವುದು, ಆಪ್ತಸಲಹೆಗಾರರ ಅಥವಾ ವೈದ್ಯರ ನೆರವು ಪಡೆಯುವುದು ವಿಶ್ವಾಸದ ಕೊರತೆಯಲ್ಲ. ನಿಮಗಾದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಮೂರನೆಯದು, ಇಡೀ ಧರ್ಮಕೇಂದ್ರಕ್ಕೆ. 2007ರ ಅದೇ ವರದಿಯಲ್ಲಿ, ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಧರ್ಮಸಭೆಯೊಳಗೂ ಹಲವು ದೇಶಗಳಲ್ಲಿ ಇಂತಹ ಪಾಪ ನಡೆದು, ಮುಚ್ಚಿಡಲ್ಪಟ್ಟಿತು. ಈ ಕುರಿತ ದೂರನ್ನು ಗುರುಗಳೂ ಕನ್ಯಾಸ್ತ್ರೀಯರೂ ಕಡ್ಡಾಯವಾಗಿ ಮೇಲಧಿಕಾರಿಗಳಿಗೆ ತಿಳಿಸಬೇಕೆಂದು ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ವಿಧಿಸಿದರು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯೂ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮನೆಮಂದಿಗೆಲ್ಲ ತಿಳಿಸಿರಿ. ಮನೆತನದ ಮರ್ಯಾದೆಗಾಗಿ, ದೇವಾಲಯದ ಹೆಸರಿಗಾಗಿ ಮಗುವಿನ ಬಾಯಿ ಮುಚ್ಚಿಸುವವರು, ಅಂದು ಮಕ್ಕಳನ್ನು ಪ್ರಭುವಿನಿಂದ ದೂರವಿಟ್ಟ ಶಿಷ್ಯರ ಸಾಲಿನಲ್ಲೇ ನಿಲ್ಲುತ್ತಾರೆ. ಕ್ಷಮೆ ಕ್ರೈಸ್ತ ಧರ್ಮ; ಆದರೆ ಅಪರಾಧವನ್ನು ಅಡಗಿಸುವುದಕ್ಕೆ ಕ್ಷಮೆ ಎಂದು ಹೆಸರಿಡಬಾರದು.

ಈ ವಾರ ನಿಮ್ಮ ಬೀದಿಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ, ನೆಂಟರ ಮನೆಯಲ್ಲಿ ಸುಮ್ಮನೆ ಮೂಲೆ ಸೇರಿದ ಮಗುವೊಂದು ಕಂಡರೆ ಅದರ ಹೆಸರು ಕೇಳಿರಿ, ಪಕ್ಕದಲ್ಲಿ ಕುಳಿತು ಅದರ ಮಾತಿಗೆ ಕಿವಿಗೊಡಿರಿ.

ಪ್ರಾರ್ಥಿಸೋಣ: ಮಕ್ಕಳನ್ನು ಅಪ್ಪಿ ಆಶೀರ್ವದಿಸಿದ ಪ್ರಭುವೇ, ನೊಂದ ಮಕ್ಕಳನ್ನೂ, ಮಕ್ಕಳಾಗಿದ್ದಾಗ ನೊಂದ ಹಿರಿಯರನ್ನೂ ಗುಣಪಡಿಸಿರಿ. ನಮ್ಮ ಕೈಗಳು ನಿಮ್ಮ ಕೈಗಳಂತಾಗಲಿ. ಆಮೆನ್.