ಅದೇ ಕಿನ್ನರಿ, ಕೈಯಲ್ಲಿ ಈಟಿ

ಬೈಬಲ್ ತೆಗೀರಿ, 1 ಸಮುವೇಲ 16:23. ಆಮೇಲೆ 18ನೇ ಅಧ್ಯಾಯ, 6ರಿಂದ 11. ಎರಡೂ ಕಡೆ ಬೆರಳು ಇಟ್ಟುಕೊಳ್ಳಿ.

ಕಳೆದ ವಾರ ಒಬ್ಬ ತಮ್ಮ ಬಂದು ಕೇಳಿದ: "ಪಾಸ್ಟರ್ ಅಣ್ಣಾ, ಭಾನುವಾರ ಆರಾಧನೆಯಲ್ಲಿ ಅಳು ಬರುತ್ತೆ, ಮೈ ಜುಮ್ ಅನ್ನುತ್ತೆ. ಸೋಮವಾರ ಪಿ.ಜಿ. ರೂಮಲ್ಲಿ ಒಬ್ಬನೇ ಮೊಣಕಾಲೂರಿದ್ರೆ ಏನೂ ಅನ್ನಿಸಲ್ಲ. ಪವಿತ್ರಾತ್ಮ ದೇವರು ನನ್ನನ್ನ ಬಿಟ್ಟುಹೋದ್ರಾ?"

ಪ್ರಿಯರೇ, ಸಂಗೀತ ನಮ್ಮ ಮೈಮೇಲೆ ಕೆಲಸ ಮಾಡುತ್ತೆ. ದೇವರೇ ನಮ್ಮನ್ನ ಹಾಗೆ ಉಂಟುಮಾಡಿದ್ದಾರೆ. ನಿಧಾನದ ಹಾಡಿಗೆ ಉಸಿರು ನಿಧಾನ ಆಗುತ್ತೆ, ವೇಗದ ತಾಳಕ್ಕೆ ಎದೆಬಡಿತ ಏರುತ್ತೆ. ಡ್ರಮ್ಸ್ ಒಂದು ಕ್ಷಣ ನಿಂತು ಪಲ್ಲವಿಗೆ ಜೋರಾಗಿ ವಾಪಸ್ ಬಂದಾಗ ರೋಮ ನೆಟ್ಟಗಾಗುತ್ತೆ. ಮೆದುಳು ಅದಕ್ಕೇ ಕಾಯ್ತಾ ಇತ್ತು. ಸಿಕ್ಕ ಖುಷಿಗೆ ಡೋಪಮೈನ್ ಬಿಡುಗಡೆ ಆಗುತ್ತೆ. ನೆನಪೂ ಸೇರಿಕೊಳ್ಳುತ್ತೆ. ಅಜ್ಜಿ ಹಾಡ್ತಿದ್ದ ಕೀರ್ತನೆ ಬಸ್ಸಲ್ಲಿ ಇಯರ್‌ಫೋನಿಗೆ ಬಂದ್ರೆ ನಿಮ್ಮ ಕಣ್ಣು ತುಂಬುತ್ತೆ. ಪಕ್ಕದ ಸೀಟಿನವರಿಗೆ ಕೇಳಿಸಿದರೂ ಅದು ಬರೀ ಹಾಡು.

ಈಗ ಸೌಲನನ್ನ ನೋಡಿ. 16ನೇ ಅಧ್ಯಾಯದಲ್ಲಿ ದಾವೀದ ಕಿನ್ನರಿ ನುಡಿಸ್ತಾನೆ, ಸೌಲನಿಗೆ ಉಪಶಮನ ಆಗುತ್ತೆ, ದುರಾತ್ಮ ಅವನನ್ನ ಬಿಟ್ಟುಹೋಗುತ್ತೆ. ಆ ನೆಮ್ಮದಿ ಸುಳ್ಳಲ್ಲ. ಆದರೆ 18ರಲ್ಲಿ ಇನ್ನೊಂದು ಹಾಡು ಬರುತ್ತೆ. ಸ್ತ್ರೀಯರು ದಮ್ಮಡಿ ಹಿಡಿದು ಕುಣೀತಾ ಹಾಡ್ತಾರೆ: ಸೌಲನ ಲೆಕ್ಕ ಸಾವಿರ, ದಾವೀದನದು ಹತ್ತು ಸಾವಿರ. ಊರಿಗೆಲ್ಲಾ ಆ ಹಾಡು ಸಂತೋಷ, ಸೌಲನಿಗೆ ಹೊಟ್ಟೆಕಿಚ್ಚು! ಮಾರನೇ ದಿನ ಅದೇ ದಾವೀದ, ಅದೇ ಕಿನ್ನರಿ. ಸೌಲನ ಕೈಯಲ್ಲಿ ಈಟಿ. ತನ್ನನ್ನ ಸಮಾಧಾನ ಮಾಡಿದವನ ಮೇಲೇ ಎಸೀತಾನೆ. ಕಿನ್ನರಿ ಅವನ ತಳಮಳವನ್ನ ಇಳಿಸಿತ್ತು. ಹೃದಯವನ್ನ ಅವನು ದೇವರಿಗೆ ಒಪ್ಪಿಸಲೇ ಇಲ್ಲ.

ನನ್ನ ತಪ್ಪೂ ಹೇಳ್ತೀನಿ. ಪ್ರಸಂಗದ ಕೊನೆಗೆ ಜನರನ್ನ ಮುಂದೆ ಕರೆಯುವಾಗ, ಮೆಲ್ಲಗೆ ನುಡಿಸು ಅಂತ ಕೀಬೋರ್ಡ್ ತಮ್ಮನಿಗೆ ಕಣ್ಸನ್ನೆ ಮಾಡ್ತಿದ್ದೆ. ಜನ ಅತ್ತರೆ ಇವತ್ತು ಪ್ರಸಂಗ ಚೆನ್ನಾಗಾಯ್ತು ಅಂದುಕೊಂಡು ಮನೆಗೆ ಹೋಗ್ತಿದ್ದೆ. ಅತ್ತವರು ಮನೆಗೆ ಹೋಗಿ ಯಾರ ಹತ್ರ ಕ್ಷಮೆ ಕೇಳಿದ್ರು? ನಾನು ವಿಚಾರಿಸಲೇ ಇಲ್ಲ. ದೇವರು ನನ್ನನ್ನ ಗದರಿಸಿದ್ದಾರೆ.

ಆ ತಮ್ಮನಿಗೆ ಅಪೊಸ್ತಲರ ಕೃತ್ಯಗಳು 16:25 ತೋರಿಸಿದೆ. ಫಿಲಿಪ್ಪಿಯ ಸೆರೆಮನೆ, ಮಧ್ಯರಾತ್ರಿ, ಬೆನ್ನ ಮೇಲೆ ಏಟು, ಕಾಲಿಗೆ ಕೋಳ. ಹಾಡೋ ಮೂಡ್ ತರಿಸೋಕೆ ಅಲ್ಲಿ ಏನಿತ್ತು? ಆದರೂ ಪೌಲ, ಸೀಲ ಹಾಡಿದರು. ನಾನು ಹೇಳಿದೆ: "ತಮ್ಮಾ, ಏನೂ ಅನ್ನಿಸದಿದ್ದರೂ ಸೋಮವಾರ ಮೊಣಕಾಲೂರಿದೆಯಲ್ಲಾ, ನಿನ್ನನ್ನ ಅಲ್ಲಿಗೆ ಕರ್ಕೊಂಡು ಬಂದವರು ಯಾರು?" ಹಲ್ಲೆಲೂಯಾ!

ಹಾಡಿ, ಅಳಿ, ಚಪ್ಪಾಳೆ ತಟ್ಟಿ. ಆದರೆ ಹಾಡು ಮುಗಿದ ಮೇಲೆ ಕೈ ನೋಡಿಕೊಳ್ಳಿ. ಮನೆಯಲ್ಲಿ, ಆಫೀಸಲ್ಲಿ ಯಾರ ಮೇಲೆ ಎಸೆಯೋಕೆ ಈಟಿ ಹಿಡ್ಕೊಂಡಿದ್ದೀರಿ? ಇವತ್ತು ಕೀಬೋರ್ಡ್ ಬೇಡ. ಸುಮ್ಮನೆ ಕಣ್ಣು ಮುಚ್ಚೋಣ.

ಕರ್ತನೇ, ನಮ್ಮ ಕೈಯಲ್ಲಿರೋ ಈಟಿಯನ್ನ ಕೆಳಗಿಡೋಕೆ ಕೃಪೆ ಕೊಡು. ಏನೂ ಅನ್ನಿಸದ ದಿನವೂ ನೀನು ನಮ್ಮ ಜೊತೆ ಇದ್ದೀಯ ಅಂತ ನಂಬುತ್ತೇವೆ. ಯೇಸುವಿನ ನಾಮದಲ್ಲಿ, ಆಮೆನ್.