ಮನೆಯ ಹೊರಗೋಡೆ ಯಾರದು?

“ನನ್ನ ದುಡ್ಡು, ನನ್ನ ಮನೆ. ನನ್ನ ಬಾಲ್ಕನಿಗೆ ಗ್ರಿಲ್ ಹಾಕಿಸಲು ಇನ್ನೊಬ್ಬರ ಅಪ್ಪಣೆ ಯಾಕೆ ಬೇಕು?” ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವ ನಮ್ಮ ಕುಟುಂಬಗಳಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ವರ್ಷಗಟ್ಟಲೆ ಬ್ಯಾಂಕಿಗೆ ಕಂತು ಕಟ್ಟಿ ಕೊಂಡ ಮನೆ. ಕಿಟಕಿಯ ಹೊರಬದಿಗೆ ಬಣ್ಣ ಬಳಿಯಲು, ಬಾಗಿಲ ಹೊರಗೆ ಚಪ್ಪಲಿ ಗೂಡು ಇಡಲು, ಎ.ಸಿ.ಯನ್ನು ಹೊರಗೋಡೆಗೆ ಕೂರಿಸಲು ಸಂಘಕ್ಕೆ ಅರ್ಜಿ ಬರೆಯಬೇಕೆಂದರೆ ಯಾರಿಗಾದರೂ ಬೇಸರವಾಗುತ್ತದೆ.

ಪ್ರಿಯ ಓದುಗರೇ, ಇದನ್ನು ಸಂಘದ ಕಾರ್ಯದರ್ಶಿಗೂ ಮನೆಯವರಿಗೂ ನಡೆಯುವ ಸಣ್ಣ ಜಗಳವೆಂದು ತಳ್ಳಿಹಾಕಬೇಡಿ. ಇದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ‘ನನ್ನದು’ ಎಲ್ಲಿ ಮುಗಿಯುತ್ತದೆ? ‘ನಮ್ಮದು’ ಎಲ್ಲಿ ಆರಂಭವಾಗುತ್ತದೆ?

ಕಾನೂನು ಹೇಳುವುದೇನು?

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮದ ಪ್ರಕಾರ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ, ಮೆಟ್ಟಿಲು ಇವೆಲ್ಲ ಸಾಮಾನ್ಯವಾಗಿ ಎಲ್ಲ ಮಾಲೀಕರಿಗೂ ಸೇರಿದ ಸಾಮೂಹಿಕ ಭಾಗಗಳು. ಅವುಗಳಲ್ಲಿ ಪ್ರತಿಯೊಬ್ಬರಿಗೂ ಪಾಲುಂಟು, ಆದರೆ ಆ ಪಾಲನ್ನು ಗೆರೆ ಎಳೆದು ಬೇರೆ ಮಾಡುವಂತಿಲ್ಲ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ಕುಗ್ಗಿಸುವ ಕೆಲಸವನ್ನು ಉಳಿದ ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಮಾಡಬಾರದೆಂದೂ ಈ ಅಧಿನಿಯಮ ಹೇಳುತ್ತದೆ. ಅಂದರೆ ನಿಮ್ಮ ಮನೆಯ ಗೋಡೆಯ ಒಳಮುಖ ನಿಮ್ಮದು, ಹೊರಮುಖ ಎಲ್ಲರದು.

ಇದಕ್ಕೆ ಕಾರಣವೂ ಇದೆ. ನೀವು ಹೊರಗೋಡೆಗೆ ಕೊರೆದ ತೂತಿನಿಂದ ಮಳೆನೀರು ಇಳಿದು ಕೆಳಮನೆಯವರ ಮಲಗುವ ಕೋಣೆ ಒದ್ದೆಯಾಗಬಹುದು. ಬಾಲ್ಕನಿಯಲ್ಲಿ ಮಣ್ಣು ತುಂಬಿ ತೋಟ ಮಾಡಿದರೆ ಅದರ ಭಾರವನ್ನು ಕಟ್ಟಡ ಹೊರಬೇಕು. ಒಂಟಿ ಮನೆಯಲ್ಲಿ ತಪ್ಪಿನ ಫಲ ನಮಗೇ ಬರುತ್ತದೆ. ಇಲ್ಲಿ ಮಾಡುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು.

ಈ ವಿವೇಕ ಹೊಸದಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತದ ಹೊಣೆ ಆ ಮನೆಯವರ ಮೇಲಿರುತ್ತದೆ ಎಂಬ ಆಜ್ಞೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಮನೆ ಅವನದೇ, ಹಣವೂ ಅವನದೇ. ಆದರೂ ಆ ಮನೆಗೆ ಬರುವವರ ಪ್ರಾಣ ಅವನ ಹೊಣೆ.

ಗ್ರಿಲ್ಲಿನ ಎರಡು ಮುಖ

ಗ್ರಿಲ್ಲಿನ ವಿಷಯವನ್ನೇ ನೋಡಿ. ಪುಟ್ಟ ಮಗುವಿರುವ ತಾಯಿಗೆ ಏಳನೇ ಮಹಡಿಯ ಬಾಲ್ಕನಿಯೆಂದರೆ ಹಗಲೂ ರಾತ್ರಿ ಭಯ. ‘ಕಟ್ಟಡದ ಅಂದ ಕೆಡುತ್ತದೆ’ ಎಂದು ಸಂಘ ಅವಳ ಅರ್ಜಿಯನ್ನು ತಿರಸ್ಕರಿಸಿದರೆ ಅದು ಕಲ್ಲುಮನಸ್ಸು. ಆದರೆ ಇನ್ನೊಂದು ಮುಖವನ್ನೂ ಮರೆಯಬಾರದು. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ಸತ್ತರು. ಅವರಲ್ಲಿ ಒಬ್ಬರು ಬಾಲ್ಕನಿಯ ಕಬ್ಬಿಣದ ಸರಳುಗಳ ಹಿಂದೆ ಸಿಕ್ಕಿಬಿದ್ದಿದ್ದರು. ಕಳ್ಳನನ್ನು ತಡೆಯುವ ಸರಳು ಮನೆಯವರನ್ನೂ ತಡೆಯುತ್ತದೆ.

ಹಾಗಾದರೆ ಸರಿಯಾದ ಉತ್ತರವೇನು? ‘ಹಾಕಿ’ ಎಂಬುದೂ ಅಲ್ಲ, ‘ಬೇಡ’ ಎಂಬುದೂ ಅಲ್ಲ. ‘ಹಾಕಿ, ಆದರೆ ಒಳಗಿನಿಂದ ತೆರೆಯುವ ಬಾಗಿಲೊಂದಿರಲಿ, ಅದರ ಕೀಲಿಕೈ ಮನೆಯ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಲಿ’ ಎಂಬುದು ಉತ್ತರ. ಇಂತಹ ಉತ್ತರ ಹೊಳೆಯಬೇಕಾದರೆ ಎರಡೂ ಕಡೆಯವರು ಕುಳಿತು ಮಾತನಾಡಬೇಕು. ಒಪ್ಪಿಗೆ ಕೇಳುವುದರ ನಿಜವಾದ ಪ್ರಯೋಜನವೂ ಅದೇ. ನಮಗೆ ಕಾಣದ್ದನ್ನು ನೆರೆಯವರು ಕಂಡಿರುತ್ತಾರೆ.

ನಿಯಮಕ್ಕೂ ಮಿತಿಯುಂಟು

ಆದರೆ ಸಂಘ ಹೇಳಿದ್ದೆಲ್ಲ ಧರ್ಮವಾಗುವುದಿಲ್ಲ. ಅಮೆರಿಕದಲ್ಲಿ ಮನೆ ಮಾಲೀಕರ ಸಂಘಗಳು ಬಹಳ ಬಲಿಷ್ಠ. ಅನೇಕ ಕಡೆ ಬೇಲಿಯ ಎತ್ತರ, ಬಾಗಿಲಿನ ಬಣ್ಣ, ಛಾವಣಿಯ ಹೆಂಚು ಎಲ್ಲಕ್ಕೂ ಅವುಗಳ ಸಮಿತಿಯ ಮುಂದೆ ಅರ್ಜಿ ಹಾಕಬೇಕು. ಅಲ್ಲಿ ಮನೆ ಮಾಡಿರುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ‘ಬಡಾವಣೆಯ ಮರ್ಯಾದೆ ಕಾಪಾಡಲು’ ಎಂಬ ಇದೇ ಮಾತಿನಿಂದ ಒಂದು ಕಾಲಕ್ಕೆ ಅಲ್ಲಿನ ಮಾಲೀಕರು ಕಪ್ಪು ಜನರಿಗೆ ಮನೆ ಮಾರಬಾರದೆಂದು ಪರಸ್ಪರ ಕರಾರು ಮಾಡಿಕೊಂಡಿದ್ದರು. ಅಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1948ರಲ್ಲಿ.

ಶಿಕಾಗೋ ನಗರದ ಒಂದು ಕಟ್ಟಡದಲ್ಲಿ ಬಾಗಿಲ ಹೊರಗೆ ಯಾವ ವಸ್ತುವೂ ಇರಬಾರದೆಂಬ ನಿಯಮವಿತ್ತು. ಅದನ್ನು ಮುಂದಿಟ್ಟುಕೊಂಡು ಯೆಹೂದ್ಯ ಕುಟುಂಬವೊಂದರ ಬಾಗಿಲ ಚೌಕಟ್ಟಿನಲ್ಲಿದ್ದ ಮೆಝುಝಾವನ್ನು, ಅಂದರೆ ದೇವವಾಕ್ಯವಿರುವ ಪುಟ್ಟ ಕರಡಿಗೆಯನ್ನು, ತೆಗೆದುಹಾಕಲಾಯಿತು. ಮನೆಯ ಯಜಮಾನರು ತೀರಿಹೋದ ದುಃಖದ ದಿನಗಳಲ್ಲೂ ಹೀಗೆ ಮಾಡಲಾಯಿತೆಂದು ಆ ಕುಟುಂಬ ದೂರಿತು. ಆ ದಾವೆ ವಿಚಾರಣೆಗೆ ಯೋಗ್ಯವೆಂದು 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಷ್ಟರೊಳಗೆ ಶಿಕಾಗೋ ನಗರವೂ ಇಲಿನಾಯ್ ರಾಜ್ಯವೂ ಇಂತಹ ಧಾರ್ಮಿಕ ಗುರುತುಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿದ್ದವು. ನಮ್ಮ ಬಾಗಿಲ ಮೇಲಿನ ಶಿಲುಬೆ ನಮಗೆಷ್ಟು ಪ್ರಿಯವೋ, ನೆರೆಮನೆಯ ಬಾಗಿಲ ತೋರಣವೂ ಅವರಿಗಷ್ಟೇ ಪ್ರಿಯವೆಂಬುದನ್ನು ಇಲ್ಲಿ ನೆನೆಯೋಣ.

ಪೋಪ್ 13ನೇ ಲಿಯೋ 1891ರಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದರು. ಆ ಆಸ್ತಿಯ ಬಳಕೆ ಪರರ ಒಳಿತನ್ನೂ ನೋಡಬೇಕೆಂದು ಅದೇ ಪತ್ರದಲ್ಲಿ ನೆನಪಿಸಿದರು. 1931ರಲ್ಲಿ ಪೋಪ್ 11ನೇ ಪಿಯುಸ್, ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳಬಾರದೆಂದು ಬೋಧಿಸಿದರು. ಈ ಎರಡು ಮಾತುಗಳನ್ನು ಜೊತೆಗಿಟ್ಟರೆ ನಮ್ಮ ಪ್ರಶ್ನೆಗೆ ದಾರಿ ಸಿಗುತ್ತದೆ.

ಸಂಘವು ‘ಬೇಡ’ ಎನ್ನಲು ಮೂರು ಬಗೆಯ ಕಾರಣ ಕೊಡಬಹುದು. ಮೊದಲನೆಯದು ಪ್ರಾಣಾಪಾಯ. ಇಲ್ಲಿ ಯಾರ ಹಟವೂ ನಡೆಯಬಾರದು. ಎರಡನೆಯದು ನೆರೆಯವರಿಗೆ ಆಗುವ ತೊಂದರೆ, ಅಂದರೆ ನೀರು, ಸದ್ದು, ಗಾಳಿ ಬೆಳಕಿಗೆ ಅಡ್ಡಿ. ಇಲ್ಲಿ ಷರತ್ತು ಹಾಕಿ ದಾರಿ ಹುಡುಕಬಹುದು. ಮೂರನೆಯದು ಕೇವಲ ಅಂದ. ಅಂದವೂ ಬೇಕಾದದ್ದೇ. ಆದರೆ ಮುದುಕರು ಹಿಡಿದು ನಡೆಯಲು ಕಂಬಿ, ಗಾಲಿಕುರ್ಚಿಗೆ ಇಳಿಜಾರು ದಾರಿ, ಮಗುವಿಗೆ ಬಲೆ ಇಂತಹ ಅಗತ್ಯಗಳ ಮುಂದೆ ಅಂದವು ತಲೆಬಾಗಬೇಕು. ಸಬ್ಬತ್ತಿನ ನಿಯಮವೂ ಮನುಷ್ಯನ ಒಳಿತಿಗಾಗಿಯೇ ಇರುವುದೆಂದು ಕಲಿಸಿದ ಯೇಸುಸ್ವಾಮಿಯ ಶಿಷ್ಯರು ನಾವು.

ಕೇಳುವ ರೀತಿ, ಒಪ್ಪುವ ರೀತಿ

ನೀವು ಮನೆ ಮಾಲೀಕರಾಗಿದ್ದರೆ ಕೆಲಸ ಮುಗಿಸಿ ಒಪ್ಪಿಗೆ ಕೇಳಬೇಡಿ. ಮೊದಲು ಮೇಲ್ಮನೆ, ಕೆಳಮನೆ, ಪಕ್ಕದ ಮನೆಯವರಿಗೆ ಬಾಯಿಮಾತಿನಲ್ಲಿ ತಿಳಿಸಿ. ಬಳಿಕ ಏನು, ಎಲ್ಲಿ, ಎಷ್ಟು ಅಳತೆ ಎಂಬುದನ್ನು ಒಂದು ಚಿತ್ರದೊಂದಿಗೆ ಬರೆದುಕೊಡಿ. ಯಾತಕ್ಕೆ ಬೇಕೆಂಬುದನ್ನೂ ಬರೆಯಿರಿ, ಏಕೆಂದರೆ ಬಹಳಷ್ಟು ಅರ್ಜಿಗಳಲ್ಲಿ ಇಲ್ಲದಿರುವುದು ಅದೊಂದೇ.

ನೀವು ಸಮಿತಿಯಲ್ಲಿದ್ದರೆ ತಿಂಗಳುಗಟ್ಟಲೆ ಉತ್ತರ ಕೊಡದೆ ಕೂರಬೇಡಿ. ‘ಬೇಡ’ ಎನ್ನುವಾಗ ಕಾರಣವನ್ನು ಬರೆದು ತಿಳಿಸಿ. ಅಧ್ಯಕ್ಷರ ಮನೆಗೊಂದು ನಿಯಮ, ಬಾಡಿಗೆದಾರರಿಗೊಂದು ನಿಯಮ ಮಾಡಬೇಡಿ. ಒಳ್ಳೆಯ ಬಟ್ಟೆ ತೊಟ್ಟವನಿಗೆ ಆಸನ ಕೊಟ್ಟು ಬಡವನನ್ನು ನಿಲ್ಲಿಸುವ ಪಕ್ಷಪಾತವನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದಾರೆ.

ಅಪ್ಪಣೆ ಕೇಳಿದರೆ ತಲೆ ತಗ್ಗಿದಂತೆ ಎಂದು ಕೆಲವರು ಭಾವಿಸುತ್ತಾರೆ. ಒಂದೇ ಅಡಿಪಾಯದ ಮೇಲೆ ನೂರು ಕುಟುಂಬಗಳು ಮಲಗಿ ಏಳುವಾಗ, ಪಕ್ಕದವರನ್ನು ಒಂದು ಮಾತು ಕೇಳುವುದು ಸೋಲಲ್ಲ. ‘ನೀವೂ ಇಲ್ಲಿದ್ದೀರಿ’ ಎಂದು ಅವರಿಗೆ ತೋರುವ ಗೌರವ ಅದು. ಅವರು ನಮ್ಮ ಕಷ್ಟವನ್ನು ಕೇಳಿಸಿಕೊಂಡರೆ ಆ ಗೌರವ ನಮಗೂ ಹಿಂದಿರುಗುತ್ತದೆ. ಈ ವಾರ ನಿಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಗೋಡೆಯ ಆಚೆ ಇರುವವರನ್ನು ಹೆಸರು ಹಿಡಿದು ನೆನೆಯಿರಿ. ಹೆಸರು ಗೊತ್ತಿಲ್ಲವಾದರೆ, ಮೊದಲು ಹೋಗಿ ಅದನ್ನು ಕೇಳಿಕೊಂಡು ಬನ್ನಿ.