ಕೇಳದೆ ಬಂದ ಕಾರ್ಯಕ್ರಮ

ಹಿಂದೆ ದಿನಪತ್ರಿಕೆಯ ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಬರುತ್ತಿತ್ತು: ಆ ದಿನದ ಆಕಾಶವಾಣಿ, ದೂರದರ್ಶನ ಕಾರ್ಯಕ್ರಮಗಳು. ಎಷ್ಟು ಗಂಟೆಗೆ ಸಂಗೀತ ಕಛೇರಿ, ಯಾವ ಹೊತ್ತಿಗೆ ನಾಟಕ ಎಂಬುದನ್ನು ಓದಿ, ಬೇಕಾದುದಕ್ಕೆ ಗೀಟು ಎಳೆದಿಡುವುದು ನನ್ನಂಥವರ ಬೆಳಗಿನ ಕೆಲಸಗಳಲ್ಲಿ ಒಂದು. ಪಟ್ಟಿ ಹೋಯಿತು; ಅಭ್ಯಾಸ ಹೋಗಲಿಲ್ಲ. ಚಂದನ ವಾಹಿನಿಯವರು ಮುಂದೆ ಬರಲಿರುವ ಕಾರ್ಯಕ್ರಮಗಳನ್ನು ಸಾರಿದರೆ, ಈಗಲೂ ಯಾವುದಾದರೂ ಲಕೋಟೆಯ ಬೆನ್ನ ಮೇಲೆ ಗುರುತು ಹಾಕಿಕೊಳ್ಳುತ್ತೇನೆ.

ಅಂಥ ಲಕೋಟೆಯೊಂದು ನನ್ನ ಸ್ನೇಹಿತರೊಬ್ಬರ ಕೈಗೆ ಸಿಕ್ಕಿತು. ಹುಣಸೂರಿನ ಕಡೆ ಹೊಗೆಸೊಪ್ಪು ಬೆಳೆಯುವವರು. ಓದಿ ನೋಡಿ, “ಇದನ್ನೆಲ್ಲ ಯಾರು ನೋಡ್ತಾರೆ ಮೇಷ್ಟ್ರೇ?” ಎಂದರು. ನಾನು ನೋಡುತ್ತೇನೆಂದೆ. “ನೋಡೋರು ನಿಮ್ಮಂಥ ನಾಲ್ಕು ಜನ, ದುಡ್ಡು ಕೊಡೋರು ಎಲ್ಲರೂ. ಇದು ಯಾವ ನ್ಯಾಯ?”

ನಗೆಯಾಡಿ ತಳ್ಳಿಹಾಕತಕ್ಕ ಮಾತಲ್ಲ ಇದು. ಎಲ್ಲರ ಹಣದಿಂದ ಕೆಲವರಿಗೆ ಮಾತ್ರ ಬೇಕಾದುದನ್ನು ಮಾಡಬಹುದೇ? ಅದೂ ಈ ಗೌಡರು ರಸಹೀನರೆಂದು ಹೇಳುವಂತೆಯೇ ಇಲ್ಲ. ಅವರು ‘ಕುರುಕ್ಷೇತ್ರ’ದ ದುರ್ಯೋಧನ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಸೀನರಿಗೆ, ವೇಷಕ್ಕೆ, ಕಿರೀಟಕ್ಕೆ ಬಾಡಿಗೆ ತೆರಬೇಕು. ಪಾತ್ರ ದೊಡ್ಡದಾದಷ್ಟೂ ಪಾತ್ರಧಾರಿ ಕೊಡಬೇಕಾದ ಚಂದಾ ದೊಡ್ಡದು. ಬೇರೆಡೆ ನಟನಿಗೆ ಸಂಬಳ. ಇಲ್ಲಿ ನಟನೇ ದುಡ್ಡು ಕೊಟ್ಟು ಬೆಳತನಕ ಹಾಡುತ್ತಾನೆ. “ನಮ್ಮ ನಾಟಕಕ್ಕೆ ನಾವು ಕೊಟ್ಟೆವು. ನಿಮ್ಮ ನಾಟಕಕ್ಕೆ ನೀವು ಕೊಡಿ” ಎಂದು ಅವರೆಂದಾಗ ನನ್ನ ಬಾಯಿ ಕಟ್ಟಿತು.

ಆಮೇಲೆ ನೆನಪಾದದ್ದು ನಮ್ಮ ಅಜ್ಜಿ.

1987ರ ಭಾನುವಾರದ ಬೆಳಗುಗಳು ಅನೇಕರಿಗೆ ನೆನಪಿರಬಹುದು. ರಮಾನಂದ ಸಾಗರರ ‘ರಾಮಾಯಣ’ಕ್ಕೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಜನ ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದರು. ಅದೇ ಭಾನುವಾರದ ಮಧ್ಯಾಹ್ನ ಬೇರೆ ಬೇರೆ ಪ್ರಾಂತ ಭಾಷೆಗಳ ಚಲನಚಿತ್ರ ಬರುತ್ತಿತ್ತು. ಆಗ ಮನೆ ಖಾಲಿ. ಭಾಷೆ ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೂ ತಿಳಿಯದು. ಹಗಲು ನಿದ್ದೆ ಹತ್ತದ ಅಜ್ಜಿ ಒಬ್ಬಳೇ ಕಂಬಕ್ಕೊರಗಿ ಕುಳಿತಿರುತ್ತಿದ್ದಳು. ಒಂದು ಸಲ ಯಾವುದೋ ಬಂಗಾಳಿ ಚಿತ್ರ. ಕೆಲಸ ಕಳೆದುಕೊಂಡವನೊಬ್ಬ ಮನೆಯಲ್ಲಿ ಹೇಳಲಾರದೆ ದಿನವೂ ಬುತ್ತಿ ಹಿಡಿದು ಹೊರಡುತ್ತಾನೆ, ಎಲ್ಲೋ ಕುಳಿತಿದ್ದು ಸಂಜೆಗೆ ಹಿಂದಿರುಗುತ್ತಾನೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹೊಲ ಪರರ ಪಾಲಾದ ವರ್ಷ ನಮ್ಮ ಮಾವನೂ ಹೀಗೇ. ದಿನಾ ಬೆಳಿಗ್ಗೆ ನೇಗಿಲು ಹೊತ್ಕೊಂಡು ಹೋಗೋರು” ಎಂದಳು. ಹೊಲ ಹೋದದ್ದು ನಮಗೆ ಗೊತ್ತಿತ್ತು. ನೇಗಿಲಿನ ಸಂಗತಿಯನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಚಿತ್ರ ಬೇಕೆಂದು ನಮ್ಮ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅಜ್ಜಿಯಂತೂ ಕೇಳುವಂತೆಯೇ ಇರಲಿಲ್ಲ. ಅಂಥದೊಂದು ಉಂಟೆಂದು ತಿಳಿದರೆ ತಾನೇ ಕೇಳುವುದು? ತಲೆ ಎಣಿಸುವವನು ಎಣಿಸುವುದು ಈಗಾಗಲೇ ಹುಟ್ಟಿದ ಆಸೆಗಳನ್ನು. ಹುಟ್ಟಬಹುದಾದ ಆಸೆ ಅವನ ಲೆಕ್ಕದ ಪುಸ್ತಕದಲ್ಲಿ ಇರುವುದು ಹೇಗೆ? 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್‌ನ ಪ್ರೇಷಕ ಯಂತ್ರವಿಟ್ಟು ಪ್ರಸಾರ ಆರಂಭಿಸಿದಾಗ, ಊರಿನಲ್ಲಿ ರೇಡಿಯೋ ಉಳ್ಳ ಮನೆಗಳನ್ನು ಎಣಿಸಿ ಹೊರಟಿದ್ದರೆ ಆ ಯಂತ್ರ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಇಡೀ ದೇಶ ಬಳಸಿದ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮನೆಯಿಂದ.

ಇಷ್ಟಕ್ಕೆ ನಾನು ಗೆದ್ದೆನೆಂದುಕೊಂಡರೆ ತಪ್ಪಾದೀತು. ಕೇಳದೆ ಕೊಡುವವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಜನಕ್ಕೆ ಯಾವುದು ಒಳ್ಳೆಯದೆಂದು ತನಗೇ ಗೊತ್ತು ಎಂಬ ರೋಗ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು; ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗಳಿಗೆ. ದೊಡ್ಡ ಸಾಹಸವೇ. ಆದರೆ ಅದರ ಹೆಸರಿನಲ್ಲಿಯೇ ‘ಬೋಧನೆ’ ಇತ್ತು. ಬಿತ್ತುವುದು ಹೇಗೆಂದು ಬಿತ್ತುವವನಿಗೆ ಹೇಳಿಕೊಡುವ ಆ ಬೆರಳು ದೂರದರ್ಶನದಿಂದ ಬಹಳ ಕಾಲ ಮಡಚಲಿಲ್ಲ. ಮೇಷ್ಟ್ರಾಗಿದ್ದ ನನಗೆ ಆ ಬೆರಳಿನ ಪರಿಚಯ ಚೆನ್ನಾಗಿ ಉಂಟು. ನಮ್ಮ ಅಜ್ಜಿಗೆ ಆ ಚಿತ್ರ ಏನನ್ನೂ ಕಲಿಸಲಿಲ್ಲ. ಅವಳೇ ನಮಗೆ ಹೇಳುವಂತೆ ಮಾಡಿತು. ನನಗೆ ತೋರುವ ಭೇದ ಇದು.

ಎಚ್.ಡಿ. ಕೋಟೆಯ ಕಡೆ ನೋಡಿದರೆ ಪ್ರಶ್ನೆಗೆ ಇನ್ನೊಂದು ಮುಖ ಕಾಣುತ್ತದೆ. ಕಬಿನಿ ಹಿನ್ನೀರಿನ ಕಾಡಿನ ಕರಿಚಿರತೆಯೊಂದು 2020ರ ಸಾಕ್ಷ್ಯಚಿತ್ರದಿಂದ ಲೋಕಪ್ರಸಿದ್ಧವಾಯಿತು. ಸುಂದರ ಪ್ರಾಣಿ, ಸಂದೇಹವಿಲ್ಲ. ಅದೇ ಕಾಡಿನಿಂದ ಎಬ್ಬಿಸಲ್ಪಟ್ಟ ಜೇನುಕುರುಬರು ಹಾಡಿಗಳಲ್ಲಿದ್ದಾರೆ. ಅವರ ಮಾತಿನಲ್ಲಿ, ಅವರದೇ ಓಟದಲ್ಲಿ, ಒಂದು ಗಂಟೆಯ ಚಿತ್ರ ಬಂದರೆ ಜಾಹೀರಾತಿನವನು ಕಾಸು ಕೊಡುತ್ತಾನೆಯೇ? ಕೊಡುವುದಿಲ್ಲ, ಅದು ಅವನ ತಪ್ಪೂ ಅಲ್ಲ, ಅವನು ವ್ಯಾಪಾರಿ. ಆದುದರಿಂದಲೇ ಸಾರ್ವಜನಿಕ ಪ್ರಸಾರವೆಂಬುದು ಬೇಕಾದದ್ದು. 1990ರ ಪ್ರಸಾರ ಭಾರತಿ ಕಾಯಿದೆ ಬುಡಕಟ್ಟಿನವರನ್ನೂ ದೂರದ ಪ್ರದೇಶದವರನ್ನೂ ಮರೆಯಕೂಡದೆಂದು ಕರ್ತವ್ಯಗಳ ಪಟ್ಟಿಯಲ್ಲಿಯೇ ಹೇಳಿದೆ. ಹಾಡಿಯ ಒಬ್ಬ ಮುದುಕನೂ ಈ ‘ಸಾರ್ವಜನಿಕ’ದಲ್ಲಿ ಪೂರ್ತಿ ಒಬ್ಬ, ನೂರರಲ್ಲಿ ಒಂದು ಪಾಲಲ್ಲ.

ಇಷ್ಟನ್ನೂ ಗೌಡರ ಮುಂದೆ ಹೇಳಿದೆ. ತಾಳ್ಮೆಯಿಂದ ಕೇಳಿದರು. “ಹಾಗಾದ್ರೆ ನಮ್ಮ ಕುರುಕ್ಷೇತ್ರಾನ ರಾತ್ರಿಯೆಲ್ಲ ತೋರಿಸ್ತಾರಾ?” ಎಂದು ಕೇಳಿದರು. ಅರ್ಧ ಗಂಟೆಗೆ ಇಳಿಸಿಯಾರು ಎಂದೆ. “ಅರ್ಧ ಗಂಟೇಲಿ ನಾನು ಇನ್ನೂ ಆಸ್ಥಾನಕ್ಕೇ ಬಂದಿರಲ್ಲ” ಎಂದು ನಕ್ಕುಬಿಟ್ಟರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೂ ಲಕೋಟೆಯಲ್ಲಿದ್ದ ಶನಿವಾರದ ನಾಟಕದ ಸಮಯವನ್ನು ಅವರು ಕೇಳಿಕೊಂಡು ಹೋದರು. ಸೊಪ್ಪು ಬೇಯಿಸುವ ಕಾಲ; ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯಬೇಕು, ಮೊಬೈಲಿನಲ್ಲಿ ನೋಡುತ್ತೇನೆಂದರು. ಭಾನುವಾರ ಬೆಳಿಗ್ಗೆ ಅವರೇ ಫೋನು ಮಾಡಿದರು. ಅರ್ಧ ನೋಡಿದ್ದರಂತೆ, ಅಷ್ಟರಲ್ಲಿ ಸೌದೆ ಹಾಕಲು ಏಳಬೇಕಾಯಿತಂತೆ. “ಆ ಹುಡುಗಿ ಕೊನೆಗೆ ಮನೆಗೆ ವಾಪಸ್ ಹೋದಳಾ ಮೇಷ್ಟ್ರೇ?” ಎಂದು ಕೇಳಿದರು.

ನಾನು ಮೊದಲ ಅಂಕದಲ್ಲೇ ನಿದ್ದೆಹೋಗಿದ್ದೆನೆಂದು ಹೇಳಲು ನಾಚಿಕೆಯಾಯಿತು.